ಶಾಲೆ ಹೇಳುವ ಮೊದಲ ಮಾತು: ಸ್ವಲೀನತೆಯ ಚರಿತ್ರೆಯಲ್ಲಿ ಶಿಕ್ಷಕರು

ಮಕ್ಕಳಲ್ಲಿ ಕಂಡುಬರುವ ಸ್ವಲೀನತೆ ಅಥವಾ ಆಟಿಸಂ ಎಂಬ ಸ್ಥಿತಿಯ ಬಗ್ಗೆ ಶಿಕ್ಷಕರಿಗೆ ತರಬೇತಿಗಳಲ್ಲಿ ಒಂದೆರಡು ಪುಟದ ಮಾಹಿತಿ ಸಿಗುತ್ತದೆ. ಲಕ್ಷಣಗಳ ಪಟ್ಟಿ, ಇಲಾಖೆಯ ನಮೂನೆ, ಅಲ್ಲಿಗೆ ಮುಗಿಯಿತು. ಆದರೆ ಈ ಹೆಸರು ಎಲ್ಲಿಂದ ಬಂತು, ಯಾರು ಮೊದಲು ಗುರುತಿಸಿದರು, ಶಾಲೆಯವರು ಹೇಳಿದ ಒಂದು ಮಾತಿನಿಂದ ಮಕ್ಕಳಿಗೆ ಏನಾಯಿತು ಎಂಬ ಚರಿತ್ರೆಯನ್ನು ಯಾರೂ ಹೇಳುವುದಿಲ್ಲ. ಈ ಚರಿತ್ರೆ ತಿಳಿಯದ ಶಿಕ್ಷಕರು ಪೋಷಕರನ್ನು ಕರೆದು ‘ನಿಮ್ಮ ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ’ ಎಂದಾಗ ಆ ಮಾತಿನ ತೂಕ ಎಷ್ಟೆಂಬುದು ಅವರಿಗೇ ಗೊತ್ತಿರುವುದಿಲ್ಲ ಎಂದು ನನ್ನ ಅನಿಸಿಕೆ. ಆದ್ದರಿಂದ ನಮ್ಮ ಸಂಸ್ಥೆಯ ಸದಸ್ಯರಿಗಾಗಿ, ಮುಂದೆ ಶಿಕ್ಷಕರಾಗಲಿರುವ ವಿದ್ಯಾರ್ಥಿಗಳಿಗಾಗಿ ಈ ಲೇಖನ.

‘ಆಟಿಸಂ’ ಎಂಬ ಪದವನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ 1911ರ ಸುಮಾರಿಗೆ ಬಳಕೆಗೆ ತಂದರು. ಗ್ರೀಕಿನಲ್ಲಿ ‘ಆಟೊಸ್’ ಎಂದರೆ ತಾನು, ಸ್ವಯಂ. ತನ್ನೊಳಗೇ ಮುಳುಗಿರುವ ದೊಡ್ಡವರ ಮನೋರೋಗದ ಒಂದು ಲಕ್ಷಣಕ್ಕೆ ಅವರು ಇಟ್ಟ ಹೆಸರು ಅದು. ಮಕ್ಕಳಿಗೆ ಆ ಪದ ಅಂಟಿದ್ದು ಅದಾದ ಸುಮಾರು ಮೂವತ್ತು ವರ್ಷಗಳ ನಂತರ. ಕನ್ನಡದ ‘ಸ್ವಲೀನತೆ’ ಅದೇ ಅರ್ಥವನ್ನು ಅನುಸರಿಸಿದ ಪದ.

ಹೆಸರಿಲ್ಲದ ಕಾಲದಲ್ಲೂ ಇಂತಹ ಮಕ್ಕಳು ಇದ್ದರು. 1800ರಲ್ಲಿ ಫ್ರಾನ್ಸಿನ ಅವೇರಾನ್ ಎಂಬ ಪ್ರದೇಶದಲ್ಲಿ, ಕಾಡಿನಲ್ಲಿ ಒಬ್ಬನೇ ಬೆಳೆದಿದ್ದ ಹನ್ನೆರಡರ ಆಸುಪಾಸಿನ ಹುಡುಗನೊಬ್ಬ ಸಿಕ್ಕಿದ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಪ್ಯಾರಿಸಿನ ಕಿವುಡರ ಸಂಸ್ಥೆಯ ವೈದ್ಯ ಇಟಾರ್ಡ್ ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷ ಪಾಠ ಹೇಳಿದರು. ಬೇರೆಯವರು ‘ಇವನು ಹುಟ್ಟು ದಡ್ಡ’ ಎಂದು ಕೈಬಿಟ್ಟಿದ್ದರು. ಆ ಹುಡುಗನಿಗೆ ಇದ್ದದ್ದು ಸ್ವಲೀನತೆಯೇ ಇರಬಹುದೆಂದು ನಂತರದ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಇಟಾರ್ಡರ ಪ್ರಯತ್ನ ಪೂರ್ತಿ ಫಲಿಸಲಿಲ್ಲ, ವಿಕ್ಟರ್ ಸರಾಗವಾಗಿ ಮಾತಾಡಲೇ ಇಲ್ಲ. ಆದರೆ ಅವರು ರೂಪಿಸಿದ ಕಲಿಕಾ ಸಾಮಗ್ರಿಗಳನ್ನು ಶಿಷ್ಯ ಸೆಗ್ವಿನ್ ಮುಂದುವರಿಸಿದರು. ಅವೆರಡನ್ನೂ ಓದಿ, ಮೊದಲು ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸಿ ನೋಡಿ, 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಶಿಶುಮನೆ ತೆರೆದವರು ಮರಿಯಾ ಮಾಂಟೆಸೊರಿ. ಬಿ.ಇಡ್. ಓದುವಾಗ ಮಾಂಟೆಸೊರಿ ಪದ್ಧತಿಯ ಲಕ್ಷಣಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತೇವೆ. ಇಂದು ಪೇಟೆಗಳಲ್ಲಿ ಹೆಚ್ಚು ಶುಲ್ಕ ಕೊಟ್ಟು ಸೇರಿಸುವ ಆ ಪದ್ಧತಿಯ ಬೇರು, ಶಾಲೆಗಳು ಬೇಡವೆಂದ ಮಕ್ಕಳ ಪಾಠದಲ್ಲಿದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಈಗ ಮುಖ್ಯ ಘಟ್ಟಕ್ಕೆ ಬರೋಣ. 1939ರಲ್ಲಿ ವಿಯೆನ್ನಾ ನಗರದ ಮಕ್ಕಳ ಆಸ್ಪತ್ರೆಗೆ ಆರು ವರ್ಷದ ಹುಡುಗನೊಬ್ಬನನ್ನು ಕರೆತಂದರು. ವೈದ್ಯಕೀಯ ಬರಹದಲ್ಲಿ ಅವನ ಹೆಸರು ಫ್ರಿಟ್ಜ್. ಕಳುಹಿಸಿದವರು ಅವನ ಶಾಲೆಯವರು. ಶಾಲೆಗೆ ಸೇರಿದ ಮೊದಲ ದಿನ ಮುಗಿಯುವುದರೊಳಗೇ ‘ಇವನಿಗೆ ಕಲಿಸಲು ಸಾಧ್ಯವಿಲ್ಲ’ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಒಂದೇ ದಿನ! ಹ್ಯಾರೊ ಎಂಬ ಎಂಟೂವರೆ ವರ್ಷದ ಮತ್ತೊಬ್ಬನನ್ನೂ ಶಾಲೆಯೇ ಕಳುಹಿಸಿತ್ತು, ಅಂಕೆಗೆ ಸಿಗುವುದಿಲ್ಲ ಎಂಬ ದೂರಿನೊಂದಿಗೆ. ಇವರನ್ನು ನೋಡಿದ ವೈದ್ಯ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಈ ಮಕ್ಕಳು ದಡ್ಡರಲ್ಲ, ಲೆಕ್ಕದಲ್ಲಿ, ಭಾಷೆಯಲ್ಲಿ ತಮ್ಮದೇ ದಾರಿ ಹಿಡಿಯುವವರು, ಸರಿಯಾದ ಶಿಕ್ಷಕ ಸಿಕ್ಕರೆ ಕಲಿಯುತ್ತಾರೆ ಎಂದು ಬರೆದರು. ಅವರ ವಾರ್ಡಿನಲ್ಲಿ ಔಷಧಿಗಿಂತ ಪಾಠ, ಸಂಗೀತ, ವ್ಯಾಯಾಮ ಮುಖ್ಯವಾಗಿದ್ದವು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಬಹಳ ವರ್ಷ ಜಗತ್ತು ಇಲ್ಲಿಗೇ ನಿಲ್ಲಿಸಿತ್ತು. ಆದರೆ ಅದು ನಾಜಿಗಳ ಕಾಲ. ವಿಯೆನ್ನಾದಲ್ಲಿಯೇ ‘ಆಮ್ ಸ್ಪೀಗೆಲ್‌ಗ್ರುಂಡ್’ ಎಂಬ ಸಂಸ್ಥೆಯಲ್ಲಿ ‘ಉಪಯೋಗಕ್ಕೆ ಬಾರದವರು’ ಎಂದು ಗುರುತಿಸಿದ ಸುಮಾರು 800 ಮಕ್ಕಳು ಸತ್ತರು. ಅವರಲ್ಲಿ ಬಹಳ ಮಂದಿಯನ್ನು ಕೊಂದರು. ಕೆಲವು ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಶಿಫಾರಸಿಗೆ ಆಸ್ಪರ್ಗರ್ ಅವರೂ ಸಹಿ ಮಾಡಿದ್ದರೆಂಬುದನ್ನು 2018ರಲ್ಲಿ ಇತಿಹಾಸಕಾರ ಹರ್ವಿಗ್ ಚೆಕ್ ದಾಖಲೆ ಸಮೇತ ತೋರಿಸಿದರು. ಒಂದೇ ಕೈ ಕೆಲವು ಮಕ್ಕಳಿಗೆ ‘ಕಲಿಯಬಲ್ಲರು’ ಎಂದು ಬರೆಯಿತು, ಕೆಲವರಿಗೆ ಅದಕ್ಕೆ ವಿರುದ್ಧವಾಗಿ ಬರೆಯಿತು. ಮಗುವಿನ ಬಗ್ಗೆ ಶಾಲೆ, ಆಸ್ಪತ್ರೆಗಳು ಕಾಗದದ ಮೇಲೆ ಬರೆಯುವ ಒಂದು ಸಾಲು ಎಲ್ಲಿಗೆ ಬೇಕಾದರೂ ಹೋಗಿ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಘೋರ ಸಾಕ್ಷಿ ಬೇಕಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಕಥೆ ನಡೆಯಿತು. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ 1933ರಲ್ಲಿ ಹುಟ್ಟಿದ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಮಗು ಎರಡು ತುಂಬುವ ಮೊದಲೇ ಹಾಡುತ್ತಿತ್ತು, ಧರ್ಮದ ಪ್ರಶ್ನೋತ್ತರಗಳನ್ನು ಇಪ್ಪತ್ತೈದರವರೆಗೆ ಬಾಯಿಪಾಠ ಹೇಳುತ್ತಿತ್ತು. ಆದರೆ ಅಮ್ಮನ ಮುಖ ನೋಡಿ ನಗುತ್ತಿರಲಿಲ್ಲ. ತನಗೆ ಸ್ನಾನ ಬೇಕಾದಾಗ ‘ನಿನಗೆ ಸ್ನಾನ ಬೇಕಾ’ ಎನ್ನುತ್ತಿತ್ತು. ಇದನ್ನು ಓದಿದಾಗ ನಮ್ಮ ಕೆಲವು ಮಕ್ಕಳು ನೆನಪಾಗುತ್ತಾರೆ. ಬಾಯಾರಿದ ಮಗು ನೀರಿನ ಬಿಂದಿಗೆಯ ಮುಂದೆ ನಿಂತು ‘ತುಜೆ ಪಾನಿ ಹೋನಾ ಕ್ಯಾ?’ ಎಂದು ಅಮ್ಮ ಹೇಳುವ ದಾಟಿಯಲ್ಲೇ ಹೇಳಿದರೆ ಮನೆಯವರು ನಗುತ್ತಾರೆ, ಅನುಕರಣೆ ಎಂದುಕೊಳ್ಳುತ್ತಾರೆ. ‘ನಾನು’, ‘ನೀನು’ ಅದಲುಬದಲಾಗುವುದನ್ನು ವೈದ್ಯರು 1943ರಿಂದಲೇ ಗಮನಿಸುತ್ತಿದ್ದಾರೆ.

ಡೊನಾಲ್ಡ್‌ನ ತಂದೆ ಮಗನ ವರ್ತನೆಗಳನ್ನೆಲ್ಲ ಟೈಪ್ ಮಾಡಿಸಿ 33 ಪುಟಗಳ ಪತ್ರವನ್ನು ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ ಕಳುಹಿಸಿದರು. 1938ರಲ್ಲಿ ಮಗುವನ್ನೂ ಕರೆದುಕೊಂಡು ಹೋದರು. 1943ರಲ್ಲಿ ಕ್ಯಾನರ್ 8 ಗಂಡು, 3 ಹೆಣ್ಣು, ಒಟ್ಟು 11 ಮಕ್ಕಳ ಬಗ್ಗೆ ಬರೆದ ಪ್ರಬಂಧವೇ ಇಂದಿನ ಸ್ವಲೀನತೆಯ ಮೂಲ ದಾಖಲೆ. ಆ ಮಕ್ಕಳಲ್ಲಿ ಹಲವರನ್ನು ಮೊದಲು ಕಿವುಡರೆಂದೋ ಬುದ್ಧಿಮಾಂದ್ಯರೆಂದೋ ತಿಳಿಯಲಾಗಿತ್ತು.

ಡೊನಾಲ್ಡ್‌ನ ಮುಂದಿನ ಜೀವನ ಶಿಕ್ಷಕರು ಓದಬೇಕಾದದ್ದು. ಅವನನ್ನು ಊರಿಂದ ಸ್ವಲ್ಪ ದೂರದ ರೈತ ದಂಪತಿಯ ಮನೆಯಲ್ಲಿ ಬಿಟ್ಟರು. ಅವನಿಗೆ ಅಳತೆಯ ಗೀಳು. ರೈತ ಅವನ ಕೈಯಲ್ಲಿ ಬಾವಿ ತೋಡಿಸಿ ಆಳ ಎಷ್ಟಾಯಿತೆಂದು ಹೇಳಲು ಹಚ್ಚಿದ. ಎಣಿಸುವ ಹುಚ್ಚಿಗೆ, ಉಳುತ್ತಾ ಜೋಳದ ಸಾಲುಗಳನ್ನು ಎಣಿಸು ಎಂದ. ಗೀಳನ್ನು ಬಿಡಿಸಲು ಹೋಗಲಿಲ್ಲ, ಕೆಲಸಕ್ಕೆ ಹಚ್ಚಿದ. ನಂತರ ಅಲ್ಲಿನ ಹಳ್ಳಿ ಶಾಲೆ ಅವನನ್ನು ಅವನ ವಿಚಿತ್ರಗಳ ಸಮೇತ ಸೇರಿಸಿಕೊಂಡಿತು, ಅವನು ಓದಿನಲ್ಲಿ ಮುಂದೆ ಬಂದ. ಪದವಿ ಪಡೆದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ದೇಶ ಸುತ್ತಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. 1971ರಲ್ಲಿ ಕ್ಯಾನರ್ ಆ 11 ಮಕ್ಕಳ ಗತಿಯನ್ನು ಮತ್ತೆ ಹುಡುಕಿ ಬರೆದಾಗ, ದೊಡ್ಡ ಸರ್ಕಾರಿ ಆಶ್ರಯಗಳಿಗೆ ಸೇರಿದವರು ಇದ್ದುದನ್ನೂ ಕಳೆದುಕೊಂಡಿದ್ದರು. ಆ ಹಳ್ಳಿ ಶಾಲೆಯ ಶಿಕ್ಷಕರ ಹೆಸರು ವೈದ್ಯಕೀಯ ಚರಿತ್ರೆಯಲ್ಲಿ ಎಲ್ಲೂ ದೊಡ್ಡದಾಗಿ ಬಂದಿಲ್ಲ.

ಇನ್ನು ದೋಷ ಹೊರಿಸುವ ಚರಿತ್ರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ, ತಾಯಿಯ ಪ್ರೀತಿ ತಣ್ಣಗಿದ್ದರೆ ಮಗು ಹೀಗಾಗುತ್ತದೆ ಎಂಬ ಸಿದ್ಧಾಂತ ಬೆಳೆಯಿತು. ಆರಂಭದಲ್ಲಿ ಕ್ಯಾನರ್ ಅವರ ಬರಹದಲ್ಲೂ ಅದರ ಸುಳಿವಿತ್ತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದು ಅದನ್ನು ಮನೆಮನೆಗೆ ಮುಟ್ಟಿಸಿದರು. ಅವರಿಗಿಂತ ಮೊದಲೇ, 1964ರಲ್ಲಿ, ತಮ್ಮ ಮಗನಿಗೇ ಸ್ವಲೀನತೆಯಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಹುಟ್ಟಿನಿಂದ ಬಂದ ಮೆದುಳಿನ ಬೆಳವಣಿಗೆಯ ಭೇದ ಎಂದು ವಾದಿಸಿದ್ದರು. 1969ರಲ್ಲಿ ಕ್ಯಾನರ್ ಪೋಷಕರ ಸಭೆಯಲ್ಲೇ ನಿಂತು ಅವರು ನಿರ್ದೋಷಿಗಳೆಂದು ಸಾರಿದರು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದಾಗ, ಒಂದೇ ತತ್ತಿಯ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಸ್ವಲೀನತೆಯಿತ್ತು, ಬೇರೆ ಬೇರೆ ತತ್ತಿಯ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಯ ಪಾತ್ರ ಅಲ್ಲಿಂದ ಖಚಿತವಾಗುತ್ತಾ ಬಂತು. 1998ರಲ್ಲಿ ದಡಾರದ ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದ ಇಂಗ್ಲೆಂಡಿನ ಪ್ರಬಂಧವನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದರೂ ಆ ಅನುಮಾನ ವಾಟ್ಸಾಪಿನಲ್ಲಿ ನಮ್ಮ ಹಳ್ಳಿಗಳಿಗೂ ಬಂದು ತಲುಪಿದೆ.

ತಾಯಿಯನ್ನು ದೂರುವ ಚಾಳಿ ಅಮೆರಿಕದ್ದು ಮಾತ್ರವಲ್ಲ. ನಮ್ಮ ಕಡೆ ‘ಮೊಬೈಲ್ ಕೊಟ್ಟು ಕೆಡಿಸಿದಳು’, ‘ಬಸುರಿಯಾಗಿದ್ದಾಗ ಗ್ರಹಣ ನೋಡಿದಳು’, ‘ನಜರ್ ತಗುಲಿದೆ’ ಎನ್ನುತ್ತಾರೆ. ಮೊಬೈಲ್ ಹಿಡಿದು ಕೂತ ಮಗುವಿನೊಡನೆ ಮನೆಯವರ ಮಾತು ಕಡಿಮೆಯಾಗುತ್ತದೆ, ಅದು ಯಾವ ಮಗುವಿಗೂ ಒಳ್ಳೆಯದಲ್ಲ. ಸ್ವಲೀನತೆಗೆ ಅದೇ ಕಾರಣ ಎನ್ನುವುದು ಬೆಟಲ್‌ಹೈಮ್ ಮಾತಿನ ಹೊಸ ವೇಷ ಅಷ್ಟೆ. ದುವಾ ಮಾಡಿಸಲಿ, ತಾವೀಜು ಕಟ್ಟಿಸಲಿ, ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಹರಕೆ ಹೊರಲಿ, ಮನೆಯವರ ಮನಸ್ಸಿಗೆ ಧೈರ್ಯ ಬೇಕು. ಆದರೆ ಅದರಲ್ಲಿ ಎರಡು ಮೂರು ವರ್ಷ ಕಳೆದರೆ, ಮೆದುಳು ಚುರುಕಾಗಿ ಬೆಳೆಯುವ ವಯಸ್ಸೇ ಕೈತಪ್ಪುತ್ತದೆ.

ಬ್ರಿಟನ್ನಿನಲ್ಲಿ 1962ರಲ್ಲಿ ಪೋಷಕರೇ ಸಂಘ ಕಟ್ಟಿದರು. ಮಾಂಟೆಸೊರಿ ತರಬೇತಿ ಪಡೆದ ಸಿಬಿಲ್ ಎಲ್ಗರ್ ಎಂಬ ಶಿಕ್ಷಕಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಪಾಠ ಆರಂಭಿಸಿ, 1965ರಲ್ಲಿ ಸಂಘದ ಶಾಲೆಯನ್ನು ನಡೆಸಿದರು. ಇಟಾರ್ಡರಿಂದ ಹೊರಟ ಸಾಮಗ್ರಿ ನೂರೈವತ್ತು ವರ್ಷ ಸುತ್ತಿ ಅಂತಹ ಮಕ್ಕಳ ಕೈಗೇ ಮರಳಿ ಬಂತು ಎನ್ನಬಹುದು. ಲಂಡನ್ನಿನ ವೈದ್ಯೆ, ಸ್ವತಃ ಇಂತಹ ಮಗಳ ತಾಯಿ ಲೋರ್ನಾ ವಿಂಗ್, 1979ರಲ್ಲಿ ಜುಡಿತ್ ಗೌಲ್ಡ್ ಜೊತೆ ನಡೆಸಿದ ಸಮೀಕ್ಷೆಯಿಂದ ಇದು ಒಂದೇ ಬಗೆಯ ಸ್ಥಿತಿಯಲ್ಲ, ಹಗುರದಿಂದ ತೀವ್ರದವರೆಗೆ ಹರಡಿದೆ ಎಂದು ತೋರಿಸಿಕೊಟ್ಟರು. ಮಾತೇ ಬಾರದ ಮಗುವಿಗೂ, ತರಗತಿಯಲ್ಲಿ ಮೊದಲ ಸ್ಥಾನ ಪಡೆದೂ ಬಿಡುವಿನಲ್ಲಿ ಒಂಟಿಯಾಗಿ ನಿಲ್ಲುವ ಮಗುವಿಗೂ ಇಂದು ಒಂದೇ ಹೆಸರು ಇರುವುದು ಆದ್ದರಿಂದ.

ನಮ್ಮ ರಾಜ್ಯದ ಮಾತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದು ಮತ್ತು ಹಳೆಯ ಮಾನಸಿಕ ಆಸ್ಪತ್ರೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ್ದು. 1995ರಲ್ಲಿ ಬೆಂಗಳೂರಿನಲ್ಲಿ ಸ್ವಲೀನತೆಯ ಮಕ್ಕಳಿಗಾಗಿ ‘ಆಶಾ’ ಸಂಸ್ಥೆ ಹುಟ್ಟಿತು. 2000ದಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತ ಅವರು ‘ಕಾಮ್ ಡೀಲ್’ ಎಂಬ ಕಾರ್ಯಕ್ರಮ ಆರಂಭಿಸಿದರು. ಚಿಕ್ಕ ಮಕ್ಕಳಿಗೆ ಮಾತು, ಚಲನೆ, ಸಾಮಾಜಿಕ ನಡವಳಿಕೆಗಳನ್ನು ಒಟ್ಟಾಗಿ ಕಲಿಸಿ ಸಾಮಾನ್ಯ ಶಾಲೆಗೆ ಸೇರಿಸುವುದು ಅದರ ಗುರಿ. ಎಲ್ಲವೂ ಬೆಂಗಳೂರು, ಮೈಸೂರು. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರಿಗೇ ಸುಮಾರು ನೂರು ಕಿಲೋಮೀಟರ್. ಕೂಲಿ ಬಿಟ್ಟು ಬಸ್ಸು ಹತ್ತುವ ತಾಯಿಗೆ ಬೆಂಗಳೂರಿನ ಒಂದು ಭೇಟಿ ಎಂದರೆ ಎರಡು ದಿನದ ಸಂಪಾದನೆ ಹೋಯಿತು.

ಕಾನೂನು ಇನ್ನೂ ನಿಧಾನವಾಗಿ ಬಂತು. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಯೋಜನೆ ತಂದಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳ ಪಟ್ಟಿಯಿತ್ತು, ಅದರಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಮೊದಲ ಬಾರಿಗೆ ಹೆಸರಿಟ್ಟಿತು. ಆದರೆ ಪ್ರಮಾಣಪತ್ರ ಬೇಕೆಂದರೆ ಬಹಳ ಕಾಲ ‘ಬುದ್ಧಿಮಾಂದ್ಯ’ ಎಂದೇ ಬರೆಸಿಕೊಳ್ಳಬೇಕಿತ್ತು. ಮಗ್ಗಿಯನ್ನು ಇಪ್ಪತ್ತರವರೆಗೆ ಹೇಳುವ ಮಗುವಿಗೆ ಆ ಕಾಗದ! 2016ರ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿತು, ಸ್ವಲೀನತೆ ಸ್ವಂತ ಹೆಸರಿನಿಂದ ಸೇರಿತು. ಅದೇ ವರ್ಷ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ 40 ಅಂಶಗಳ ಭಾರತೀಯ ಮಾಪನದಿಂದ ಅಳೆದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಅಧಿಸೂಚನೆಯಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಈ ಮಕ್ಕಳನ್ನೂ ಒಳಗೆ ತಂದಿತು. ಅದೇ ಕಾಯ್ದೆಯ 17ನೇ ಕಲಮು ಮಗುವನ್ನು ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಶಾಲೆಗಳ ಮಾತಿಗೆ ಬರಬೇಕು. ಪಾವಗಡ ತಾಲ್ಲೂಕಿನ ಉರ್ದು ಶಾಲೆಯ ಮಗುವಿಗೆ ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು ಮತ್ತು ಕನ್ನಡ, ಈಗೀಗ ಇಂಗ್ಲಿಷ್. ಮಾತು ತಡವಾದರೆ ಎಲ್ಲರೂ ಹೇಳುವ ಮಾತು ಒಂದೇ, ‘ಭಾಷೆ ಜಾಸ್ತಿಯಾಯಿತು, ಅದಕ್ಕೇ ಗಲಿಬಿಲಿ’. ಇಲ್ಲವೇ ತಾಯಿ ಹೇಳುತ್ತಾರೆ, ‘ಇವನ ಅಬ್ಬಾನೂ ಐದು ವರ್ಷಕ್ಕೇ ಮಾತಾಡಿದ್ದು, ಬಿಡಿ.’ ಹಲವು ಭಾಷೆಯ ಮನೆಯಲ್ಲಿ ಬೆಳೆಯುವುದರಿಂದ ಸ್ವಲೀನತೆ ಬರುವುದಿಲ್ಲ. ಸ್ವಲೀನತೆಯಿರುವ ಮಗುವಿನ ಮಾತು ಅದರಿಂದ ಇನ್ನಷ್ಟು ಹಿಂದೆ ಬೀಳುತ್ತದೆಂದೂ ಈವರೆಗಿನ ಸಂಶೋಧನೆಗಳು ತೋರಿಸಿಲ್ಲ. ‘ಮನೆಯಲ್ಲಿ ಕನ್ನಡ ಮಾತ್ರ ಮಾತಾಡಿ’, ‘ಇಂಗ್ಲಿಷ್ ಮಾತ್ರ’ ಎಂದು ಸಲಹೆ ಕೊಡುವವರು ಅಮ್ಮಿ, ನಾನಿಯರ ಬಾಯಿ ಕಟ್ಟಿದಂತೆ. ಮಗುವಿಗೆ ಇರುವ ಒಂದೇ ಸಲೀಸಾದ ನಂಟು ಅದು. ಭಾಷೆಯ ಗಲಿಬಿಲಿಯೋ ಬೇರೆಯೋ ಎಂದು ತಿಳಿಯಲು ಮಾತನ್ನಲ್ಲ, ಮಾತಿಲ್ಲದ ಕಡೆ ನೋಡಬೇಕು. ಭಾಷೆ ತಡವಾದ ಮಗು ಬೆರಳು ತೋರಿಸಿ ‘ಅದು’ ಎನ್ನುತ್ತದೆ, ಕಾಗೆ ಕಂಡರೆ ನಿಮ್ಮ ಮುಖ ನೋಡುತ್ತದೆ, ಆಟದಲ್ಲಿ ನುಗ್ಗುತ್ತದೆ. ಬೆರಳು ತೋರದೆ ನಿಮ್ಮ ಕೈಯನ್ನೇ ಹಿಡಿದು ಡಬ್ಬಿಯ ಮೇಲಿಡುವ, ಹೆಸರು ಕರೆದರೆ ತಿರುಗದೆ ಬಿಸ್ಕತ್ತಿನ ಪೊಟ್ಟಣದ ಸದ್ದಿಗೆ ತಿರುಗುವ, ಶಾಲೆ ಗಂಟೆಗೆ ಕಿವಿ ಮುಚ್ಚಿ ಚೀರುವ ಮಗುವಿನ ವಿಷಯ ಬೇರೆ.

ನಲಿ-ಕಲಿ ತರಗತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯ ಕಾರ್ಡು, ಚಿತ್ರ, ಕಲಿಕಾ ಏಣಿ ಇಂತಹ ಮಗುವಿಗೆ ಹೇಳಿ ಮಾಡಿಸಿದಂತಿದೆ, ಮುಂದೇನು ಬರುತ್ತದೆಂದು ಅದಕ್ಕೆ ಕಣ್ಣಿಗೆ ಕಾಣುತ್ತದೆ. ಅಲ್ಲಿನ ಗದ್ದಲವೇ ಅದಕ್ಕೆ ಶತ್ರು. ಮೂಲೆಯಲ್ಲಿ ಒಂದು ಚಾಪೆ, ದಿನವೂ ಅದೇ ಜಾಗ, ಗಂಟೆ ಹೊಡೆಯುವ ಮೊದಲು ಒಂದು ಸನ್ನೆ, ಇಷ್ಟಕ್ಕೆ ಯಾವ ಅನುದಾನವೂ ಬೇಡ.

ಪೋಷಕರಿಗೆ ಹೇಳುವುದು ಹೇಗೆ? ಶಿಕ್ಷಕರು ರೋಗದ ಹೆಸರು ಹೇಳಬಾರದು, ಅದು ನಮ್ಮ ಕೆಲಸವಲ್ಲ. ಕಂಡದ್ದನ್ನು ಹೇಳಬಹುದು. ಎರಡು ಮೂರು ವಾರ ಗಮನಿಸಿ, ಯಾವ ದಿನ, ಏನಾಯಿತು, ಅದಕ್ಕೆ ಮೊದಲು ಏನು ನಡೆದಿತ್ತು, ಮಗುವಿಗೆ ಏನು ಇಷ್ಟ, ಏನು ಚೆನ್ನಾಗಿ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಡೊನಾಲ್ಡ್‌ನ ತಂದೆಯ 33 ಪುಟಗಳ ಕೆಲಸವನ್ನು ಆ ಹಾಳೆ ಮಾಡುತ್ತದೆ. ತಂದೆ ತಾಯಿ ಇಬ್ಬರನ್ನೂ ಕರೆಸಬೇಕು, ಬೇರೆ ಪೋಷಕರ ಎದುರಲ್ಲಲ್ಲ, ಪ್ರಗತಿ ಪತ್ರ ಕೊಡುವ ದಿನವಂತೂ ಬೇಡವೇ ಬೇಡ. ತಾಯಿಯನ್ನು ಮಾತ್ರ ಕರೆಸಿದರೆ ಸಂಜೆ ಅತ್ತೆಮನೆಯಲ್ಲಿ ಅವರೊಬ್ಬರೇ ಉತ್ತರ ಹೇಳಬೇಕಾಗುತ್ತದೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ ಎನ್ನಬೇಕು, ಕ್ಯಾನರ್ ಕಾಲದಿಂದಲೂ ಇದರಲ್ಲಿ ಗೊಂದಲವಾಗುತ್ತಲೇ ಇದೆ. ಮುಖ್ಯವಾಗಿ, ‘ಏನೇ ಆದರೂ ಮಗು ನಮ್ಮ ಶಾಲೆಯಲ್ಲೇ ಇರುತ್ತದೆ’ ಎಂಬ ಮಾತನ್ನು ಮೊದಲು ಹೇಳಬೇಕು, ಕೊನೆಗಲ್ಲ. ಯಾಕೆಂದರೆ ಕೆಲವು ಶಾಲೆಗಳಲ್ಲಿ ‘ಡಾಕ್ಟರಿಗೆ ತೋರಿಸಿ’ ಎಂಬುದರ ಒಳ ಅರ್ಥ ‘ಟಿ.ಸಿ. ತೆಗೆದುಕೊಳ್ಳಿ’ ಎಂದೇ ಆಗಿದೆ, ಪೋಷಕರಿಗೂ ಅದು ಗೊತ್ತಾಗಿದೆ. ಹಣ ಕೊಟ್ಟು ಓದಿಸುವ ಕಡೆ ಇದು ಹೆಚ್ಚು.

ದಾರಿ ಎಲ್ಲಿದೆ ಎಂದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಅವರ ತಪಾಸಣಾ ಪಟ್ಟಿಯಲ್ಲಿ ಸ್ವಲೀನತೆಯೂ ಇದೆ. ತಂಡ ಬಂದ ದಿನ ಈ ಮಗು ಗಲಾಟೆಗೆ ಹೆದರಿ ಗೈರುಹಾಜರಾಗದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಮನ್ವಯ ಶಿಕ್ಷಣದ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾಗದಷ್ಟು ತೀವ್ರ ಸ್ಥಿತಿಯ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕೂ ಕಾಯ್ದೆಯಲ್ಲಿದೆ. ಆದರೆ ಅದನ್ನು ಶಾಲೆ ತನ್ನ ಅನುಕೂಲಕ್ಕೆ ಬಳಸಿ ಮಗುವನ್ನು ಮನೆಗೆ ಅಟ್ಟಬಾರದು. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ, ವಾಕ್ ತರಬೇತಿಯಂತಹವೂ ಅದರಲ್ಲಿ ಸೇರಿವೆ. ಇದರ ಅರ್ಜಿ ತುಂಬಲು ನೆರವಾಗುವುದು ನಮ್ಮಂತಹ ಸಂಸ್ಥೆಗಳು ಮಾಡಬಹುದಾದ ಕೆಲಸ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡುವ ಯುವಕರಿಗೆ ಇದೇನೂ ಕಷ್ಟವಲ್ಲ.

ಕೊರತೆ ಇರುವುದು ಕಲಿಸುವವರದ್ದು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟು, ಇಂತಹ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರ ಅನುಪಾತವನ್ನು ಸರ್ಕಾರ ನಿಗದಿಪಡಿಸಬೇಕು ಎಂದು ಹೇಳಿತು. ಹುದ್ದೆಗಳನ್ನು ತುಂಬುವ ವಿಷಯದಲ್ಲಿ ರಾಜ್ಯಗಳಿಗೆ ಅದೇ ನ್ಯಾಯಾಲಯ 2025ರಲ್ಲಿ ಮತ್ತೆ ಸೂಚನೆ ಕೊಡಬೇಕಾಯಿತು. ಬಿ.ಇಡ್. ಓದುತ್ತಿರುವ ನಮ್ಮ ವಿದ್ಯಾರ್ಥಿಗಳು, ಮುಖ್ಯವಾಗಿ ಉರ್ದು ಬಲ್ಲ ಹೆಣ್ಣುಮಕ್ಕಳು, ವಿಶೇಷ ಶಿಕ್ಷಣದ ಬಿ.ಇಡ್. ಅಥವಾ ಡಿಪ್ಲೊಮಾ ಎಂಬ ದಾರಿಯೊಂದಿದೆ ಎಂಬುದನ್ನು ಗಮನಿಸಬೇಕು. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಿಗುವ ಕೋರ್ಸುಗಳನ್ನೇ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಹುದ್ದೆಗೆ ಅರ್ಹತೆಯಿಲ್ಲ. ದಖ್ಖನಿಯಲ್ಲಿ ಮಾತಾಡಿಸಿ ಮಗುವಿನ ಮಾತನ್ನು ಅಳೆಯಬಲ್ಲವರು ಸಿಗುವುದು ಅಪರೂಪ.